ಐದು ಸಿಲಿಂಡರ್, ಒಂದು ಹಿಡಿ ಭಂಡಾರ

ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ. ನಾನು ಕೆಲಸ ಬಿಟ್ಟೆ ಎನ್ನುವುದಕ್ಕಿಂತ ಕೆಲಸವೇ ನನ್ನ ಕೈಯಲ್ಲಿ ಮುಗಿದುಹೋಯಿತು ಎನ್ನುವುದು ಸರಿ. ಜಮಖಂಡಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಒಂದು ಶೆಡ್ಡಿದೆ. ಅದರ ಹಿಂಭಾಗದಲ್ಲಿ ಕೂತು ಮಾದರಿ ವಿಮಾನಗಳ ಎಂಜಿನ್‌ಗಳನ್ನು ಮಾರ್ಪಡಿಸಿ, ಪಳಗಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಈಗ ವಿಮಾನ ಹಾರಿಸುವವರೆಲ್ಲ ಬ್ಯಾಟರಿ ಮೋಟಾರಿಗೆ ಹೋಗಿದ್ದಾರೆ. ಗುಂಡಿ ಒತ್ತಿದರೆ ತಿರುಗುತ್ತದೆ, ಕೈಗೆ ಎಣ್ಣೆ ಹತ್ತುವುದಿಲ್ಲ. ಶೆಡ್ಡಿನ ಹಿಂಭಾಗದಲ್ಲಿ ಈಗ ತಾಮ್ರದ ತಂತಿಯ ಸುರುಳಿಗಳಿವೆ.

ಮುಧೋಳದ ಡಿಪ್ಲೊಮಾ ಕಾಲೇಜಿನ ಇಬ್ಬರು ಹುಡುಗಿಯರು ಎಂಜಿನ್ ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮನೆ, ಮದುವೆ, ಸಂಬಳದ ಬಗ್ಗೆ ಅವರು ಕೇಳಲಿಲ್ಲ, ನಾನೂ ಬರೆಯುವುದಿಲ್ಲ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನ್ ಕಷ್ಟ ಕೊಡುವುದಿಲ್ಲ. ಅದರ ಸುತ್ತ ನಿಂತವರು ಕೊಡುತ್ತಾರೆ.

ಶೆಡ್ಡಿನ ಮಾಲೀಕರು ಪದ್ಮಣ್ಣನವರು, ತೇರದಾಳದ ಜೈನರು. ಮೋಟಾರು ಅವರ ಹೊಟ್ಟೆಪಾಡು, ವಿಮಾನ ಅವರ ಹುಚ್ಚು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವುದಿಲ್ಲ. ಹಾಗಾಗಿ ಬಿಸಿಲು ಕೆಂಪಾಗುತ್ತಿದ್ದಂತೆ ಶೆಡ್ಡಿನ ಬಾಗಿಲು ಎಳೆದು ಮನೆಗೆ ಓಡುತ್ತಿದ್ದರು. ಬೆಂಚಿನ ಮೇಲೆ ಎಂಜಿನ್ ಓಡುತ್ತಿದ್ದರೂ ಸರಿಯೇ. ಇದನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅವರು ಗಿರಾಕಿಗಳಿಗೆ ದಿನ ಹೇಳುವ ರೀತಿ. ಯಾವ ಎಂಜಿನ್ ಬಂದರೂ, ಅದರ ಹೊಟ್ಟೆ ಬಿಚ್ಚುವ ಮೊದಲೇ, "ಬರೂ ವಾರ ಒಯ್ರಿ, ನಮ್ಮ ಮೇಡಂ ಅದಾರ" ಎನ್ನುತ್ತಿದ್ದರು. ಆ ಗಿರಾಕಿ ನನ್ನ ಕಡೆ ನೋಡಿ, ನನ್ನ ಹಿಂದೆ ನೋಡಿ, "ಮಿಸ್ತ್ರಿ ಎಲ್ಲ್ಯದಾನ್ರಿ?" ಎಂದು ಕೇಳುತ್ತಿದ್ದ. ನನ್ನ ಹಿಂದೆ ಗೋಡೆ ಇತ್ತು.

ಪಳಗಿಸುವುದೆಂದರೆ ಏನು ಎಂದು ಹೇಳಬೇಕು. ಹೊಸ ಎಂಜಿನ್ನಿನ ಒಳಗೆ ಪಿಸ್ಟನ್ನಿನ ರಿಂಗೂ ಸಿಲಿಂಡರಿನ ಗೋಡೆಯೂ ಇನ್ನೂ ಪರಸ್ಪರ ಹೊಂದಿಕೊಂಡಿರುವುದಿಲ್ಲ. ಕಣ್ಣಿಗೆ ಕಾಣದ ಏರುತಗ್ಗುಗಳು ಎರಡರಲ್ಲೂ ಇರುತ್ತವೆ. ಎಣ್ಣೆ ಹೆಚ್ಚು ಬೆರೆಸಿದ ಇಂಧನ ಕೊಟ್ಟು, ಸ್ವಲ್ಪ ಹೊತ್ತು ಮೆಲ್ಲಗೆ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸಬೇಕು. ಪ್ರತಿ ಸಲವೂ ವೇಗ ಒಂದಿಷ್ಟು ಏರಿಸಿ ಇಳಿಸಬೇಕು. ಹೀಗೆ ಮಾಡುತ್ತ ಹೋದರೆ ಆ ಏರುತಗ್ಗುಗಳು ಸವೆದು ನುಣುಪಾಗುತ್ತವೆ. ಮೊದಲ ದಿನವೇ ಪೂರ್ತಿ ವೇಗ ಕೊಟ್ಟರೆ ಬಿಸಿಯಾಗಿ ಕಚ್ಚಿಕೊಳ್ಳುತ್ತವೆ. ಇಷ್ಟೇ ವಿದ್ಯೆ. ಇದರಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂತು ಕಾಯುವುದು. ನಮ್ಮ ಕಡೆಯ ಗಂಡಸರಿಗೆ ಕಬ್ಬಿನ ಲಾರಿಯ ಸಾಲಿನಲ್ಲಿ ಇಡೀ ರಾತ್ರಿ ಕಾಯುವುದು ಗೊತ್ತು, ಎಂಜಿನ್ ತಣ್ಣಗಾಗುವವರೆಗೆ ಒಂದು ಚಹಾದಷ್ಟು ಹೊತ್ತು ಕಾಯುವುದು ಗೊತ್ತಿಲ್ಲ.

ಬಾಡಗಂಡಿಯ ಕಬ್ಬು ಬೆಳೆಗಾರರೊಬ್ಬರು ಎರಡು ಸಿಲಿಂಡರಿನ ಎಂಜಿನ್ ತಂದಿದ್ದರು. ಅರ್ಧ ಪಳಗಿಸಿದ ಮೇಲೆ, ಉಳಿದರ್ಧ ತಾವೇ ಮಾಡಿಕೊಳ್ಳುವುದಾಗಿ ಹಟ ಹಿಡಿದು ಒಯ್ದರು. ಔಡಲ ಎಣ್ಣೆಯನ್ನೇ, ಎಂದರೆ ಹರಳೆಣ್ಣೆಯನ್ನೇ, ಬೆರೆಸಬೇಕು, ಸಾವಕಾಶ ಓಡಿಸಬೇಕು ಎಂದು ಹೇಳಿ ಕಳಿಸಿದೆ. ಮರುದಿನವೇ ವಾಪಸು ಬಂದರು. ಎಂಜಿನ್ನಿನ ಮೂತಿಯ ಪಂಖ ಕೈಯಿಂದ ತಿರುಗಿಸಲೂ ಬರುತ್ತಿರಲಿಲ್ಲ. ಬಿಚ್ಚಿದರೆ ಒಳಗೆ ಹಳದಿ ಅಂಟು. ಹೊಲದ ಬದುವಿನ ಮೇಲೆ ಬೀಗರನ್ನು ಕೂರಿಸಿಕೊಂಡು ಪೂರ್ತಿ ವೇಗದಲ್ಲಿ ಓಡಿಸಿ ಸಪ್ಪಳ ಕೇಳಿಸಿದ್ದರಂತೆ. ಎಣ್ಣೆ ಯಾವುದು ಹಾಕಿದಿರಿ ಎಂದು ಕೇಳಿದೆ. ಮನೆಯ ಗಾಣದ ಕುಸುಬಿ ಎಣ್ಣೆಯಂತೆ. ಯಾಕೆ ಎಂದೆ.

"ಔಡಲ ಎಣ್ಣಿ ಕುಡದ್ರ ಮನಷ್ಯಾಗ ಏನಾಕ್ಕೈತಿ ಅಂತ ನಿಮಗ ಗೊತ್ತಿಲ್ಲೇನ್ರಿ, ಬಾಯಾರ? ಅದರ ಹೊಟ್ಟಿಗೂ ಒಂದೀಟು ಛಲೋದು ಹಾಕೂಣು ಅಂದ್ನಿ."

ಪದ್ಮಣ್ಣನವರು ನಗು ತಡೆಯಲಾರದೆ ಮೋಟಾರಿನ ಹಿಂದೆ ಹೋಗಿ ಕೂತರು. ಕುಸುಬಿ ಎಣ್ಣೆ ಬಿಸಿಗೆ ಗಟ್ಟಿಯಾಗಿ ಗೋಂದಾಗುತ್ತದೆ ಎಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿ, "ಅಂದ್ರ ಎಂಜಿನ್ನಿನಾಗ ದಮ್ಮಿಲ್ಲ ಅನ್ರಿ" ಎಂದರು.

ಇಂಥವು ಹತ್ತಾರಿವೆ. ಆದರೆ ಹೇಳಬೇಕಾದದ್ದು ಬೀರಪ್ಪ ಮಾಸ್ತರರ ಐದು ಸಿಲಿಂಡರಿನ ಎಂಜಿನ್ನಿನ ವಿಷಯ. ನನ್ನ ತಾಳ್ಮೆಯನ್ನು ಅಷ್ಟು ಸವೆಸಿದ್ದು ಬೇರೆ ಯಾವುದೂ ಇಲ್ಲ.

ಮಾಸ್ತರರು ಹುನ್ನೂರಿನವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಮನೆತನದವರು ಕುರಿ ಕಾಯ್ದವರು, ಬೀರೇಶ್ವರನ ಒಕ್ಕಲು. ಮಾಸ್ತರರು ಮಾತ್ರ ದೇವರ ವಿಷಯದಲ್ಲಿ ಹೂಂ ಎನ್ನದೆ ಊಹೂಂ ಎನ್ನದೆ ಇದ್ದವರು. ನಿವೃತ್ತಿಯ ನಂತರ ಅವರು ಹಳೆಯ ಕಾಲದ ಜೋಡಿ ರೆಕ್ಕೆಯ ವಿಮಾನದ ದೊಡ್ಡ ಮಾದರಿಯೊಂದನ್ನು ಕಟ್ಟುತ್ತ ಬಂದಿದ್ದರು. ಕಟ್ಟಿಗೆಯ ಒಂದೊಂದು ಪಟ್ಟಿಯನ್ನೂ ತಾವೇ ಸೀಳಿದ್ದರು. ರೆಕ್ಕೆಗೆ ಹೊದಿಸಲು ರಬಕವಿ-ಬನಹಟ್ಟಿಯ ಮಗ್ಗದವರ ಹತ್ತಿರ ಕೂತು ತೆಳ್ಳನೆಯ ಬಿಳಿ ಹತ್ತಿ ಬಟ್ಟೆ ನೇಯಿಸಿ ತಂದಿದ್ದರು. ಕೊನೆಗೆ ಪುಣೆಯ ಯಾರಿಂದಲೋ ಐದು ಸಿಲಿಂಡರುಗಳು ನಕ್ಷತ್ರದಂತೆ ಸುತ್ತ ನಿಂತ ಎಂಜಿನ್ ಕೊಂಡು, ಧೋತರದ ತುಂಡಿನಲ್ಲಿ ಸುತ್ತಿ ಶೆಡ್ಡಿಗೆ ತಂದರು.

ಅದು ಮಿಥೆನಾಲ್ ಎಂಬ ಸ್ಪಿರಿಟಿನಿಂದ ಓಡುವ ಎಂಜಿನ್. ನಮ್ಮ ಕಡೆ ಒಳ್ಳೆಯ ಮಿಥೆನಾಲ್ ಸಿಗುವುದು ಕಷ್ಟ, ಸಿಕ್ಕರೂ ಗಾಳಿಯ ತೇವ ಹೀರಿಕೊಂಡು ಕೆಡುತ್ತದೆ. ಅದನ್ನು ಪೆಟ್ರೋಲಿಗೆ ಬದಲಾಯಿಸಿ, ಪಳಗಿಸಿ ಕೊಡಬೇಕಿತ್ತು. ಮಾಸ್ತರರು ಕೆಲಸ ವಿವರಿಸಿ, ಇನ್ನೊಂದು ಮಾತು ಹೇಳಿದರು. ಅವರಿಗೆ ಗ್ಲಾಕೋಮಾ ಆಗಿತ್ತು. ಎರಡೂ ಕಣ್ಣಿಗೆ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತಿತ್ತು. ಮುಧೋಳದ ಕಣ್ಣಿನ ಡಾಕ್ಟರು ಔಷಧ ಹಾಕಿ ತಡೆಯಲು ನೋಡುತ್ತಿದ್ದರು, ಆದರೆ ಹೋದದ್ದು ವಾಪಸು ಬರುವುದಿಲ್ಲ ಎಂದು ಹೇಳಿದ್ದರು. ವಿಮಾನವನ್ನು ತಮ್ಮ ಕೈಯಿಂದ ಒಂದು ಸಲ ಹಾರಿಸಿ ಇಳಿಸಬೇಕು, ಅದು ಈ ಬೇಸಿಗೆಯೊಳಗೆ ಆಗಬೇಕು, ಇಷ್ಟೇ ಅವರ ಬೇಡಿಕೆ.

"ಬರೂ ವಾರ ಒಯ್ರಿ ಸರ್" ಎಂದರು ಪದ್ಮಣ್ಣನವರು.

ಮಾರ್ಪಾಡಿಗೇ ಅದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಕೆಂಪಗೆ ಕಾಯುವ ತಂತಿಯ ಪ್ಲಗ್ಗುಗಳನ್ನು ತೆಗೆದು ಐದಕ್ಕೂ ಕಿಡಿ ಹಾರಿಸುವ ಸಣ್ಣ ಪ್ಲಗ್ಗು ಕೂರಿಸಿದೆ. ಕಿಡಿ ಸರಿಯಾದ ಕ್ಷಣಕ್ಕೆ ಹಾರಲು ಪಂಖ ತಿರುಗಿಸುವ ದಂಡದ ಮೇಲೆ ಅಯಸ್ಕಾಂತ, ಪಕ್ಕದಲ್ಲಿ ಸೆನ್ಸರ್ ಕೂರಿಸಿದೆ. ಕಾರ್ಬೊರೇಟರ್ ಬದಲಾಯಿಸಿದೆ. ಪೆಟ್ರೋಲಿಗೆ ಎಂಜಿನ್ ಹೆಚ್ಚು ಬಿಸಿಯಾಗುವುದರಿಂದ ಸಿಲಿಂಡರುಗಳ ನಡುವೆ ಗಾಳಿ ತಿರುಗಿಸಲು ತಗಡು ಕತ್ತರಿಸಿದೆ. ಐದಕ್ಕೂ ಕಾರ್ಬೊರೇಟರ್ ಒಂದೇ. ಒಂದು ತಟ್ಟೆಯಿಂದ ಐವರು ಉಣ್ಣುವಂತೆ. ಕೆಳಗಿನ ಎರಡಕ್ಕೆ ಎಣ್ಣೆ ಇಳಿದು ತುಂಬಿಕೊಳ್ಳುತ್ತದೆ, ಮೇಲಿನದು ಒಣಗುತ್ತದೆ. ಶುರು ಮಾಡುವ ಮುನ್ನ ಪ್ರತಿ ಸಲವೂ ಪಂಖವನ್ನು ಕೈಯಿಂದ ನಿಧಾನ ತಿರುಗಿಸಿ, ಕೆಳಗೆ ನಿಂತ ಎಣ್ಣೆ ಹೊರಹಾಕಬೇಕು. ತಡೆದರೆ ಒತ್ತಾಯ ಮಾಡಬಾರದು, ಪ್ಲಗ್ ಬಿಚ್ಚಬೇಕು. ಒತ್ತಾಯ ಮಾಡಿದರೆ ಒಳಗಿನ ರಾಡು ಬಾಗುತ್ತದೆ. ಇದನ್ನು ನಾನು ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ. ಶೆಡ್ಡಿಗೆ ಬಂದ ಪ್ರತಿಯೊಬ್ಬರಿಗೂ ಪಂಖ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಕೊನೆಗೆ ಅದಕ್ಕೊಂದು ಸೈಕಲ್ ಬೀಗ ಹಾಕಿದೆ.

ಪಳಗಿಸುವ ಕೆಲಸ ಶುರುವಾದಾಗಿನಿಂದ ಮಾಸ್ತರರು ದಿನಾಲೂ ಹುನ್ನೂರಿನಿಂದ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮಾತು ಕಡಿಮೆ. ಎಂಜಿನ್ ತಣ್ಣಗಾಗುವ ಹೊತ್ತಿನಲ್ಲಿ ನಾನು ಒಂದೊಂದು ಸಿಲಿಂಡರಿನ ಬಿಸಿ ಅಳೆಯುತ್ತಿದ್ದರೆ ಅವರು ಯಾವುದು ಸೋಮಾರಿ ಎಂದು ಕೇಳುತ್ತಿದ್ದರು. ಸೋಮಾರಿಯಾಗಿದ್ದದ್ದು ಎಡಗಡೆಯ ಕೆಳಗಿನದು. ಅದಕ್ಕೆ ಅವರು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರಿಟ್ಟರು. ಅವನು ಈಗ ಬೀಳಗಿಯಲ್ಲಿ ದೊಡ್ಡ ಮನುಷ್ಯ, ಹೆಸರು ಬೇಡ. ಒಂದು ದಿನ ಚಹಾ ಬಂದಾಗ ಅವರು ಕೈ ಚಾಚಿದರು. ಕಪ್ಪು ಅವರ ಮೊಣಕೈ ಪಕ್ಕದಲ್ಲೇ ಇತ್ತು, ಕಾಣಲಿಲ್ಲ. ನಾನು ಅದನ್ನು ಅವರ ಮುಂದಕ್ಕೆ ಸರಿಸಿದೆ.

ಎಂಜಿನ್ ಹದಕ್ಕೆ ಬರುತ್ತಿತ್ತು. ಸೋಮಾರಿ ಸಿಲಿಂಡರೂ ಉಳಿದವುಗಳ ಜೊತೆ ಬಿಸಿಯಾಗತೊಡಗಿತ್ತು. ಇನ್ನು ಕೆಲವೇ ಓಟಗಳು ಬಾಕಿ ಎನ್ನುವಾಗ ಮಾಸ್ತರರ ಅಕ್ಕ ಯಲ್ಲವ್ವ ಶೆಡ್ಡಿಗೆ ಬಂದರು.

ಎಪ್ಪತ್ತು ದಾಟಿದವರು, ಹಣೆಯ ತುಂಬ ಭಂಡಾರ, ಸೊಂಟದಲ್ಲಿ ಭಂಡಾರದ ಚೀಲ. ಭಂಡಾರವೆಂದರೆ ಬೀರೇಶ್ವರನ ಅರಿಷಿಣದ ಪುಡಿ. ಅವರ ಮನೆತನದಲ್ಲಿ ಹೊಸ ಕುರಿಹಿಂಡು, ಹೊಸ ಟ್ರ್ಯಾಕ್ಟರ್, ಹೊಸ ಬೋರ್‌ವೆಲ್ ಯಾವುದಕ್ಕೂ ಅದು ಬೀಳದೆ ಕೆಲಸ ಶುರುವಾಗುವುದಿಲ್ಲ. ತಮ್ಮನ ಎಂಜಿನ್ನಿಗೆ ಯಾರೂ ಅದನ್ನು ಹಾಕಿಲ್ಲ ಎಂದು ಅವರಿಗೆ ಹೇಗೋ ತಿಳಿದಿತ್ತು. ನಾನು ಇಯರ್‌ಪ್ಲಗ್ ಹಾಕಿಕೊಂಡು ಎಂಜಿನ್ನಿನ ಹಿಂದೆ ಬಗ್ಗಿ ಕಾರ್ಬೊರೇಟರಿನ ಇಂಧನದ ಸೂಜಿ ತಿರುಗಿಸುತ್ತಿದ್ದೆ. ಅವರು ಬಂದದ್ದು ನನಗೆ ಗೊತ್ತಾಗಲಿಲ್ಲ. ಪದ್ಮಣ್ಣನವರು ನೋಡಿ, ಕೈ ಮುಗಿದು, ದಾರಿ ಬಿಟ್ಟರು. ದಾರಿ ಬಿಟ್ಟರು ಎಂಬುದನ್ನು ನಾನು ಇವತ್ತಿಗೂ ಮರೆತಿಲ್ಲ.

ಯಲ್ಲವ್ವ ಓಡುತ್ತಿರುವ ಪಂಖದ ಎದುರು ನಿಂತು, ಬೀರೇಶ್ವರನನ್ನು ನೆನೆದು, ಒಂದು ಬೊಗಸೆ ಭಂಡಾರ ಮೇಲಕ್ಕೆ ಹಾರಿಸಿದರು. ಪಂಖ ಅದನ್ನು ಎಳೆದುಕೊಂಡು ಹಿಂದಕ್ಕೆ ಎಸೆಯಿತು. ಹಿಂದೆ ಬಾಯಿ ತೆರೆದ ಕಾರ್ಬೊರೇಟರ್ ಇತ್ತು, ಅದರ ಹಿಂದೆ ನಾನಿದ್ದೆ. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಗೋಡೆ, ಬೆಂಚು, ನನ್ನ ಕನ್ನಡಕ, ಕೂದಲು, ಬೋಲ್ಟು ಬಿಚ್ಚಲು ತೆಗೆದಿಟ್ಟ ಪಾನಾಗಳು, ಎಲ್ಲ ಹಳದಿ. ನಾನು ಕನ್ನಡಕ ತೆಗೆದಾಗ ಪದ್ಮಣ್ಣನವರು ನನ್ನ ಮುಖ ನೋಡಿ ತಮ್ಮ ಮುಖ ತಿರುಗಿಸಿಕೊಂಡರು.

"ಛಲೋ ಆತು ಬಿಡವಾ" ಎಂದರು ಯಲ್ಲವ್ವ. "ದೇವರು ತಗೊಂಡ. ನೋಡು, ಒಂದ ಕಾಳ ಕೆಳಗ ಬೀಳಲಿಲ್ಲ."

ಅದೇ ನನ್ನ ಸಂಕಟವಾಗಿತ್ತು. ಸಿಟ್ಟಿಗೆ ಬಾಯಿ ತೆರೆದರೆ ಏನು ಬರುತ್ತದೋ ಎಂದು ಹೆದರಿ ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ವಾಪಸು ಬಂದು ಎಂಜಿನ್ ಬಿಚ್ಚತೊಡಗಿದೆ. ಕಾರ್ಬೊರೇಟರಿನ ಜಾಲರಿ ಕಟ್ಟಿಹೋಗಿತ್ತು. ಒಳಗೆ ಐದೂ ಸಿಲಿಂಡರುಗಳಲ್ಲಿ ಎಣ್ಣೆಯ ಜೊತೆ ಕಲಸಿ ಕಣಕದಂತೆ ಮೆತ್ತಿಕೊಂಡಿತ್ತು. ಬರಿಯ ಅರಿಷಿಣವಾಗಿದ್ದರೆ ತೊಳೆದರೆ ಮುಗಿಯುತ್ತಿತ್ತು. ಪುಡಿಯಲ್ಲಿ ಬೆರೆತಿದ್ದ ಸಣ್ಣ ಮರಳು ಎರಡು ಸಿಲಿಂಡರುಗಳ ರಿಂಗಿನ ಮೇಲೆ ಗೆರೆ ಎಳೆದಿತ್ತು. ರಿಂಗು ಬದಲಾಯಿಸಬೇಕು, ಎಲ್ಲ ತೊಳೆಯಬೇಕು, ಹೊಸ ರಿಂಗು ಹಾಕಿದ ಮೇಲೆ ಮತ್ತೆ ಮೊದಲಿನಿಂದ ಪಳಗಿಸಬೇಕು. ರಿಂಗು ಪುಣೆಯಿಂದ ಬರಬೇಕು.

ಮಾಸ್ತರರು ಸ್ಟೂಲಿನ ಮೇಲೆ ಕೂತೇ ಇದ್ದರು.

"ಮತ್ತ ಮೊದಲಿಂದ ಏನ, ತಂಗಿ?"

"ಹೌದ್ರಿ ಸರ್."

ಮುಂದಿನ ದಿನಗಳಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳಿದರು. ಹಳೆಯ ರಿಂಗೇ ಹಾಕಿಬಿಡಿ ಎಂದು ಕೆಲವರು. ಹೊಸ ರಿಂಗು ಬಂದ ಮೇಲೆ, ಒಂದು ದಿನ ಓಡಿಸಿ ಕೊಟ್ಟುಬಿಡಿ ಎಂದು ಪದ್ಮಣ್ಣನವರು. ಒಂದೇ ಸಲ ಹಾರುವುದಲ್ಲವೇ, ಆಮೇಲೆ ಕೆಟ್ಟರೆ ಕೆಡಲಿ ಎಂಬುದು ಅವರ ವಾದ. ಆ ಒಂದೇ ಸಲ ಹಾರುವಾಗ ಎಂಜಿನ್ ಕಚ್ಚಿಕೊಂಡು ನಿಂತರೆ, ಸರಿಯಾಗಿ ಕಾಣದ ಮನುಷ್ಯ ಸತ್ತ ಎಂಜಿನ್ನಿನ ವಿಮಾನ ಇಳಿಸಬೇಕಾಗುತ್ತದೆ ಎಂದು ನಾನು ಹೇಳಿದೆ. ಮಾಸ್ತರರು ಅಲ್ಲೇ ಇದ್ದಾರೆಂಬುದು ಆಗ ನೆನಪಾಯಿತು. ಅವರು ಬೇಸರಪಟ್ಟುಕೊಳ್ಳಲಿಲ್ಲ.

"ನೀ ಹೇಳೂದು ಖರೆ ಐತಿ" ಎಂದರು. "ಆದ್ರ ನಿನ್ನ ಎಂಜಿನ್ ಪಳಗೂತನ ನನ್ನ ಕಣ್ಣ ಕಾಯಬೇಕಲ್ಲ."

ಪದ್ಮಣ್ಣನವರು ತಾವೇ ಹಾರಿಸಿ ಕೊಡುವುದಾಗಿ ಹೇಳಿದರು. ಅವರು ಹಲವು ವರ್ಷ ಹಾರಿಸಿದವರು. ಮಾಸ್ತರರು ಬೇಡವೆಂದು ತಲೆ ಅಲ್ಲಾಡಿಸಿದರು. ನಾನು ಹೊಸ ರಿಂಗು ಕೂರಿಸಿ ಮೊದಲಿನಿಂದ ಶುರು ಮಾಡಿದೆ. ಓಡಿಸುವುದು, ನಿಲ್ಲಿಸುವುದು, ತಣ್ಣಗಾಗಿಸುವುದು, ಸಿಲಿಂಡರಿನ ತಲೆಯ ಬೋಲ್ಟು ಬಿಗಿಮಾಡುವುದು, ಮತ್ತೆ ಓಡಿಸುವುದು. ಕಾರ್ಬೊರೇಟರಿನ ಬಾಯಿಗೆ ತೆಳ್ಳನೆಯ ಸ್ಪಂಜು ಕಟ್ಟಿದೆ. ಬಾಗಿಲಿಗೆ ಒಂದು ಹಗ್ಗ ಕಟ್ಟಿ ಯಾರೂ ಒಳಗೆ ಬರದಂತೆ ಮಾಡಿದೆ. ಯಲ್ಲವ್ವನಿಗೆ ಎದುರು ಕೂತು ಹೇಳಿದೆ: ಎಂಜಿನ್ನಿನ ಹತ್ತಿರ ಭಂಡಾರ ತರಬಾರದು, ಮುಟ್ಟಲೂ ಬಾರದು. ಅವರು ತಲೆಯಾಡಿಸಿದರು. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಎಂಜಿನ್ ಸಿದ್ಧವಾದ ಮೇಲೆ, ಅದನ್ನು ವಿಮಾನಕ್ಕೆ ಜೋಡಿಸಲು ಹುನ್ನೂರಿಗೆ ಹೋದೆ. ಪಡಸಾಲೆಯಲ್ಲಿ ವಿಮಾನ ಹೊಟ್ಟೆ ಮೇಲಾಗಿ ಮಲಗಿತ್ತು. ರೆಕ್ಕೆಗಳ ಕೆಳಮೈ ಪೂರ್ತಿ ಹಳದಿಯಾಗಿತ್ತು. ಬನಹಟ್ಟಿಯ ಬಟ್ಟೆಗೆ ಬಿಗಿ ಬರಲಿ ಎಂದು ಮಾಸ್ತರರು ಒಂದೇ ಒಂದು ಕೈ ವಾರ್ನಿಶ್ ಬಳಿದಿದ್ದರು, ನೂಲಿನ ನಡುವಿನ ಸಂದುಗಳು ಇನ್ನೂ ಮುಚ್ಚಿರಲಿಲ್ಲ. ಯಲ್ಲವ್ವ ಒದ್ದೆ ಅರಿವೆಯಿಂದ ಆ ಸಂದುಗಳಿಗೆ ಭಂಡಾರ ತಿಕ್ಕಿ ತಿಕ್ಕಿ ತುಂಬಿದ್ದರು. ಅವರ ಅಂಗೈ ಇನ್ನೂ ಹಸಿಯಾಗಿತ್ತು.

ಇದೇನು ಮಾಡಿದಿರಿ, ಮುಟ್ಟಬೇಡಿ ಎಂದು ಹೇಳಿದ್ದೆನಲ್ಲ ಎಂದು ಕೇಳಿದೆ.

"ಎಂಜಿನ್ ಮುಟ್ಟಬ್ಯಾಡ ಅಂದಿದ್ದಿ, ಯವ್ವಾ. ರೆಕ್ಕಿ ಮುಟ್ಟಬ್ಯಾಡ ಅಂದಿದ್ದೇನು?"

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅಂದಿರಲಿಲ್ಲ, ನಿಜ. ಈಗ ಆ ಪುಡಿಯನ್ನು ತೊಳೆದರೆ ಬಟ್ಟೆ ಸಡಿಲಾಗುತ್ತದೆ, ಬಿಟ್ಟರೆ ಉದುರುತ್ತದೆ. ಉಳಿದ ದಾರಿ ಒಂದೇ, ಅದರ ಮೇಲೆಯೇ ವಾರ್ನಿಶ್ ಬಳಿದು ಅದನ್ನು ಅಲ್ಲೇ ಹಿಡಿದಿಡುವುದು. ಆ ಮಧ್ಯಾಹ್ನ ನಾನೇ ಬಳಿದೆ. ವಾರ್ನಿಶ್ ಬಿದ್ದ ಮೇಲೆ ಹಳದಿ ಇನ್ನಷ್ಟು ಗಾಢವಾಯಿತು. ಹೆಚ್ಚಿದ ಭಾರಕ್ಕೆ ಮತ್ತೆ ಸಮತೋಲ ನೋಡಬೇಕಾಯಿತು. ಯಲ್ಲವ್ವ ಪಕ್ಕದಲ್ಲಿ ಕೂತು, ಎಲ್ಲಿ ಬಿಟ್ಟುಹೋಗಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರು.

ಬೀಳಗಿಯ ಕಡೆಯ ಒಂದು ಮಡ್ಡಿಯ ಬೋಳು ಬಯಲಿನಲ್ಲಿ, ಬೆಳಗಿನ ತಂಪಿನಲ್ಲಿ, ವಿಮಾನ ಹಾರಿತು. ಪಂಖ ಕೈಯಿಂದ ತಿರುಗಿಸಿ ಎಣ್ಣೆ ಇಳಿಸಿ ಶುರು ಮಾಡಿದೆ. ಐದೂ ಒಮ್ಮೆಲೇ ಹಿಡಿದವು. ಪಳಗಿದ ಎಂಜಿನ್ನಿನ ಸಪ್ಪಳ ಅಬ್ಬರದ್ದಲ್ಲ, ದೂರದ ಓಣಿಯಲ್ಲಿ ಮಗ್ಗಗಳು ಒಟ್ಟಿಗೆ ನಡೆದಂತೆ ಇರುತ್ತದೆ. ಮಾಸ್ತರರು ಕೊರಳಿಗೆ ರಿಮೋಟ್ ಹಾಕಿಕೊಂಡು ನಿಂತರು. ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ, ಬೇಕಾದರೆ ರಿಮೋಟ್ ಕಿತ್ತುಕೊಳ್ಳಲು ಪದ್ಮಣ್ಣನವರು. ಯಲ್ಲವ್ವ ಹಿಂದೆ, ನಾನು ಎಳೆದ ಗೆರೆಯ ಆಚೆ, ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಆ ಮುಷ್ಟಿಯಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ.

ವಿಮಾನ ನೆಲ ಬಿಟ್ಟು ಏರಿತು. ಆಕಾಶ ಬೇಸಿಗೆಯ ಧೂಳಿಗೆ ಹಾಲಿನಂತೆ ಬಿಳಿಚಿಕೊಂಡಿತ್ತು. ವಿಮಾನದ ಮೈ, ಬಾಲ, ರೆಕ್ಕೆಯ ಮೇಲ್ಮೈ ಎಲ್ಲ ಬಿಳಿ. ದೂರಕ್ಕೆ ಹೋಗುತ್ತಿದ್ದಂತೆ ಮಾಸ್ತರರ ತಲೆ ಅತ್ತಿತ್ತ ಹುಡುಕತೊಡಗಿತು.

"ಕಾಣವಲ್ದು" ಎಂದರು, ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ.

ಪದ್ಮಣ್ಣನವರು ಕೈ ಮುಂದೆ ಚಾಚಿದರು. ನಾನು ಎಡಕ್ಕೆ ತಿರುಗಿಸಿರಿ ಎಂದೆ. ಅವರು ತಿರುಗಿಸಿದರು. ವಿಮಾನ ಎಡಕ್ಕೆ ವಾಲಿತು, ಅದರ ಹೊಟ್ಟೆ ನಮ್ಮ ಕಡೆ ತಿರುಗಿತು. ಆ ಬಿಳಿಚಿದ ಆಕಾಶದಲ್ಲಿ ಎರಡು ರೆಕ್ಕೆಗಳ ಅರಿಷಿಣ ಸೂರ್ಯನಿಗೆ ಹಿಡಿದಂತೆ ಕಂಡಿತು. ಮಾಸ್ತರರ ತಲೆ ಹುಡುಕುವುದನ್ನು ನಿಲ್ಲಿಸಿತು.

"ಅಲ್ಲೈತಿ" ಎಂದರು. "ಹಳದಿ ಕಾಣಾಕತ್ತೈತಿ, ತಂಗಿ. ಕೈ ತಗಿಯೋ ಪದ್ಮಣ್ಣ."

ಆಮೇಲೆ ಅವರು ವಿಮಾನವನ್ನು ನೇರ ಹೋಗಲು ಬಿಡಲೇ ಇಲ್ಲ. ಸದಾ ಒಂದು ಕಡೆಗೆ ವಾಲಿಸಿ, ಪ್ರತಿ ಸುತ್ತಿಗೂ ಹೊಟ್ಟೆ ಕಾಣುವಂತೆ, ನಮ್ಮ ಎದುರಿಗೇ ದೊಡ್ಡ ವೃತ್ತದಲ್ಲಿ ಸುತ್ತಿಸಿದರು. ಕೊನೆಗೆ ವೇಗ ತಗ್ಗಿಸಿ, ವೃತ್ತವನ್ನು ಕಿರಿದು ಮಾಡುತ್ತ, ನಮ್ಮ ಎದುರಿನ ನೆಲಕ್ಕೆ ತಂದರು. ಚಕ್ರ ಒಮ್ಮೆ ಪುಟಿದು ಕೂತಿತು. ಎಂಜಿನ್ ಹದವಾಗಿ ಓಡುತ್ತಲೇ ಇತ್ತು. ನಾನು ಹೋಗಿ ನಿಲ್ಲಿಸಿದೆ. ಐದೂ ಸಿಲಿಂಡರುಗಳ ಬಿಸಿ ನೋಡಿದೆ. ಸೋಮಾರಿಯದೂ ಸರಿಯಿತ್ತು.

ಮಾಸ್ತರರು ನಿಂತಲ್ಲೇ ನಿಂತಿದ್ದರು. ಯಲ್ಲವ್ವ ಗೆರೆ ದಾಟದೆ, ದೂರದಿಂದಲೇ ನನ್ನ ಕಡೆ ನೋಡಿದರು. ಮುಷ್ಟಿಯ ಸಂದಿಯಿಂದ ಬೆವರಿಗೆ ನೆನೆದ ಹಳದಿ ಮೊಣಕೈವರೆಗೆ ಇಳಿದಿತ್ತು.

ಅಲ್ಲಿಯವರೆಗಿನ ಸಿಟ್ಟೆಲ್ಲ ಆಗ ಇಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ರಿಂಗುಗಳ ಮೇಲಿನ ಗೆರೆಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿವೆ. ನಾನು ಜೇಬಿನಿಂದ ಒರೆಸುವ ಅರಿವೆ ತೆಗೆದು, ಮಡಚಿ, ಕಾರ್ಬೊರೇಟರಿನ ಬಾಯಿಗೆ ಬಿಗಿಯಾಗಿ ತುರುಕಿದೆ. ಅದರ ಮೇಲೆ ದಾರ ಸುತ್ತಿ ಗಂಟು ಹಾಕಿದೆ. ಗಂಟು ಎಳೆದು ನೋಡಿದೆ. ಪಕ್ಕಕ್ಕೆ ಸರಿದು ನಿಂತೆ.

"ಬರ್ರಿ ಅಕ್ಕಾರ" ಎಂದೆ. "ಈಗ ಹಾಕ್ರಿ."